ಕುಂಟುವ ಕುದುರೆಗೆ ಒಂದು ಸೂಜಿ

ಬೆಂಗಳೂರಿನ ಹೊರವಲಯದ ಒಂದು ಲಾಯ. ಕಂದು ಕುದುರೆಯನ್ನು ಟ್ರಾಟ್, ಅಂದರೆ ಹದವಾದ ಓಟ, ಓಡಿಸುತ್ತಿದ್ದರು. ಬಲ ಮುಂಗಾಲು ಊರಿದಾಗಲೆಲ್ಲ ತಲೆ ಮೇಲಕ್ಕೆ, ಎಡಗಾಲು ಊರಿದಾಗ ಕೆಳಕ್ಕೆ. ನೋಯುವ ಕಾಲಿನ ಮೇಲೆ ಭಾರ ಬೀಳದಿರಲಿ ಅಂತ ತಲೆ ಎತ್ತುವುದು, ಅಷ್ಟೇ.

‘ಭುಜ ಹಿಡ್ಕೊಂಡಿದೆ ಸಾರ್, ಬರೆ ಹಾಕಿಸೋಣ’ ಎಂದ ಕುದುರೆ ನೋಡಿಕೊಳ್ಳುವ ಸೈಸ್.

ಡಾಕ್ಟರು ಮಾತಾಡಲಿಲ್ಲ. ಗೊರಸಿನ ಹಿಂಭಾಗಕ್ಕೆ ಸ್ವಲ್ಪ ಮೇಲೆ ಚೆನ್ನಾಗಿ ತೊಳೆದು, ಸ್ಪಿರಿಟ್ ಒರೆಸಿ, ಒಂದೊಂದು ಪಕ್ಕಕ್ಕೂ ಒಂದೂವರೆ ಎಂಎಲ್ ಮೆಪಿವಕೇನ್ ಎಂಬ ಮರಗಟ್ಟಿಸುವ ಮದ್ದು ಚುಚ್ಚಿದರು. ಹತ್ತು ನಿಮಿಷ ಬಿಟ್ಟು ಪೆನ್ನಿನ ತುದಿಯಿಂದ ಹಿಮ್ಮಡಿ ಒತ್ತಿದರು. ಕುದುರೆ ಕಾಲು ಎತ್ತಲಿಲ್ಲ. ಮತ್ತೆ ಓಡಿಸಿದರೆ ತಲೆ ನೆಟ್ಟಗೆ!

‘ವಾಸಿ ಆಗೋಯ್ತಲ್ಲಾ!’ ಅಂತ ಸೈಸ್ ಕುಣಿದ. ಎಲ್ಲಿಂದ ವಾಸಿ? ಎರಡು ಮೂರು ಗಂಟೆಯಲ್ಲಿ ಮದ್ದಿಳಿದರೆ ಮತ್ತೆ ಕುಂಟುತ್ತದೆ. ನೋವು ಭುಜದಲ್ಲಿಲ್ಲ, ಕೆಳಗೆ ಗೊರಸಿನಲ್ಲಿದೆ ಅಂತ ಗೊತ್ತಾಯಿತು. ಮುಂಗಾಲಿನ ಕುಂಟು ಬಹುಪಾಲು ಅಲ್ಲಿಯದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯೋದು ಬರೀ ಗಾದೆ ಅಂದ್ಕೊಂಡಿದ್ದೆ.

ಈ ಮದ್ದು ಕೆಲಸ ಮಾಡುವ ರೀತಿ ನನಗೆ ಬಲು ಇಷ್ಟ. ನರದ ಪೊರೆಯಲ್ಲಿ ಸೋಡಿಯಂಗೆ ಅಂತಲೇ ಪುಟ್ಟ ಬಾಗಿಲುಗಳಿವೆ. ಒಂದು ತೆರೆದರೆ ಪಕ್ಕದ್ದೂ ತೆರೆಯುತ್ತದೆ, ಪಟಾಕಿ ಸರ ಹತ್ತಿಕೊಂಡ ಹಾಗೆ. ನೋವಿನ ಸುದ್ದಿ ಮೆದುಳಿಗೆ ಓಡುವುದು ಹೀಗೇ. ಮದ್ದು ಈ ಬಾಗಿಲನ್ನು ಹೊರಗಿನಿಂದ ಮುಚ್ಚುವುದಿಲ್ಲ. ಕಳ್ಳ ಹಿತ್ತಲ ಗೋಡೆ ಹಾರಿ, ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ! ವಿದ್ಯುತ್ ಅಂಶವಿಲ್ಲದ ರೂಪದಲ್ಲಿ ಜಿಡ್ಡಿನ ಪೊರೆ ದಾಟುತ್ತದೆ. ಒಳಗೆ ಹೋದ ಮೇಲೆ ವಿದ್ಯುತ್ ಅಂಶ ಪಡೆದು ಬಾಗಿಲಿಗೆ ಅಡ್ಡ ಕೂರುತ್ತದೆ. ಕೀವಾದ ಜಾಗ ಹುಳಿಯಾಗಿರುತ್ತದಲ್ಲ, ಅಲ್ಲಿ ಹೊರಗೇ ವಿದ್ಯುತ್ ಅಂಶ ಹತ್ತಿಕೊಂಡುಬಿಡುತ್ತದೆ. ಆಮೇಲೆ ಗೋಡೆ ಹಾರೋಕೆ ಆಗೋದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ‘ಇಂಜೆಕ್ಷನ್ ಕೊಟ್ರೂ ನೋವು’ ಅಂದವರಿಗೆ ಇದು ಗೊತ್ತಿರಲಿ.

ಹೀಗೆ ಮದ್ದಿನಿಂದ ಒಂದು ಜಾಗವನ್ನಷ್ಟೇ ಮರಗಟ್ಟಿಸುವುದು ಶುರುವಾಗಿದ್ದು 1884ರಲ್ಲಿ. ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೊಲ್ಲರ್ ತನ್ನದೇ ಕಣ್ಣಿಗೆ ಕೊಕೇನ್ ಹಾಕಿಕೊಂಡು, ಗುಂಡುಸೂಜಿಯ ತಲೆಯಿಂದ ಮುಟ್ಟಿ ನೋಡಿದ. ಧೈರ್ಯ ನೋಡಿ!

ಕಾಲಿನಲ್ಲಿ ಚುಚ್ಚುತ್ತಾ ಹೋಗುವುದು ಕೆಳಗಿನಿಂದ ಮೇಲಕ್ಕೆ. ಮೇಲೆ ಚುಚ್ಚಿದರೆ ಅದರ ಕೆಳಗಿನದೆಲ್ಲ ಮರಗಟ್ಟುತ್ತದೆ. ಟ್ರಾನ್ಸ್‌ಫಾರ್ಮರ್ ಆಫ್ ಮಾಡಿದರೆ ಇಡೀ ಬೀದಿ ಕತ್ತಲು, ಯಾವ ಮನೆಯಲ್ಲಿ ಶಾರ್ಟ್ ಆಗಿದೆ ಅಂತ ಗೊತ್ತಾಗೋದಿಲ್ಲ ಅಲ್ವಾ? ಅದಕ್ಕೇ ಮೊದಲು ಗೊರಸು. ಕುಂಟು ಹೋಗಲಿಲ್ಲವೆಂದರೆ ಅದರ ಮೇಲಿನ ಗಂಟು, ಆಮೇಲೆ ಮಂಡಿಯ ಕೆಳಗೆ. ಮೂಳೆ ಬಿರುಕು ಬಿಟ್ಟಿರುವ ಅನುಮಾನವಿದ್ದರೆ ಮಾತ್ರ ಸೂಜಿ ಮುಟ್ಟಲೇಬಾರದು, ಮೊದಲು ಎಕ್ಸ್‌ರೇ. ನೋವು ಮರೆತ ಕುದುರೆ ಪೂರ್ತಿ ಭಾರ ಹಾಕಿ ಮೂಳೆ ಮುರಿದುಕೊಳ್ಳಬಹುದು.

ಇಷ್ಟರಲ್ಲಿ ಕುದುರೆಯನ್ನು ಎಡಕ್ಕೆ ಸುತ್ತು ಹಾಕಿಸಿದರು. ಮತ್ತೆ ತಲೆ ಅಲ್ಲಾಡಿತು, ಈ ಸಲ ಎಡಗಾಲು ಊರಿದಾಗ. ಬಲಗಾಲಿನ ನೋವು ಜಾಸ್ತಿ ಇದ್ದದ್ದರಿಂದ ಎಡದ್ದು ಇಷ್ಟು ಹೊತ್ತು ಕಂಡಿರಲಿಲ್ಲ. ಡಾಕ್ಟರು ಕೈ ಚಾಚಿ ಇನ್ನೊಂದು ಸಿರಿಂಜ್ ಕೇಳಿದರು.