ಒಂದು ಫೈಲಿಗೆ ಒಬ್ಬನೇ ವಾರಸುದಾರ

ಸ್ವಂತ ಸರ್ವರಿನಲ್ಲಿ ಬ್ಲಾಗ್ ನಡೆಸಲು ಹೊರಟವರು ನನ್ನನ್ನು ಮೊದಲು ಕೇಳುವುದು, ಯಾವ ಸಾಧನ ಬಳಸಿದರೆ ಇನ್‌ಸ್ಟಾಲ್ ಕೆಲಸ ಬೇಗ ಮುಗಿಯುತ್ತದೆ ಎಂದು. ಬ್ಲಾಗ್ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ತನ್ನ ‘ಐದು ನಿಮಿಷದ ಇನ್‌ಸ್ಟಾಲ್’ ಬಗ್ಗೆ ಹೆಮ್ಮೆಪಡುತ್ತ ಬಂದಿರುವುದರಿಂದಲೋ, ಹೋಸ್ಟಿಂಗ್ ಜಾಹೀರಾತುಗಳಲ್ಲಿ ‘ಒಂದೇ ಕ್ಲಿಕ್’ ಎಂಬ ಮಾತು ಎದ್ದು ಕಾಣುವುದರಿಂದಲೋ, ವೇಗವೇ ಇಲ್ಲಿನ ಅಳತೆಗೋಲು ಎಂಬ ನಂಬಿಕೆ ಬೇರೂರಿಬಿಟ್ಟಿದೆ. ಐದು ನಿಮಿಷವೋ ಐವತ್ತು ನಿಮಿಷವೋ, ಆ ಕೆಲಸ ನಡೆಯುವುದು ಒಮ್ಮೆ ಮಾತ್ರ. ಅನಂತರದ ವರ್ಷಗಳಲ್ಲಿ ತಂತ್ರಾಂಶದ ಹೊಸ ಆವೃತ್ತಿಗಳು ಬರುತ್ತಲೇ ಇರುತ್ತವೆ, ಭದ್ರತೆಯ ಬಿರುಕುಗಳು ಪತ್ತೆಯಾಗುತ್ತವೆ, ಒಂದು ದಿನ ಸರ್ವರನ್ನೇ ಬದಲಾಯಿಸಬೇಕಾಗುತ್ತದೆ. ಆದ್ದರಿಂದ ಕೇಳಬೇಕಾದದ್ದು ಬೇರೆಯೇ ಇದೆ: ಡಿಸ್ಕಿನ ಮೇಲಿರುವ ಪ್ರತಿಯೊಂದು ಫೈಲನ್ನು ಬದಲಾಯಿಸುವ ಹಕ್ಕು ಯಾರದು, ಮತ್ತು ಅದರ ಲೆಕ್ಕ ಇಡುವವರು ಯಾರು?

ಮೊದಮೊದಲು ಈ ಲೆಕ್ಕ ಇರುತ್ತಿದ್ದದ್ದು ಬ್ಲಾಗಿಗನ ತಲೆಯಲ್ಲಿ ಮಾತ್ರ. 2001ರಲ್ಲಿ ಬೆನ್ ಮತ್ತು ಮೆನಾ ಟ್ರಾಟ್ ದಂಪತಿ ಹೊರತಂದ ಮೂವಬಲ್ ಟೈಪ್ ಎಂಬ ಬ್ಲಾಗ್ ತಂತ್ರಾಂಶ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು. ಅದರ ಫೈಲುಗಳನ್ನು ಎಫ್‌ಟಿಪಿ ಎಂಬ ಫೈಲು ಸಾಗಿಸುವ ವಿಧಾನದಿಂದ ಸರ್ವರಿಗೆ ಏರಿಸಿ, ಕೆಲವಕ್ಕೆ ಚಲಾಯಿಸುವ ಅನುಮತಿಯನ್ನು ಕೈಯಾರೆ ಕೊಡಬೇಕಿತ್ತು. ಬಿ2 ಎಂಬ ತಂತ್ರಾಂಶದ ಕವಲಾಗಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ 2003ರ ಮೇ 27ರಂದು ಬಿಡುಗಡೆ ಮಾಡಿದ ವರ್ಡ್‌ಪ್ರೆಸ್ ಪಿಎಚ್‌ಪಿ ಎಂಬ ಇನ್ನೊಂದು ಭಾಷೆಯಲ್ಲಿದ್ದುದರಿಂದ ಆ ಕಷ್ಟ ಕಡಿಮೆಯಾಯಿತು. ಮರುವರ್ಷ ಮೂವಬಲ್ ಟೈಪಿನ ಪರವಾನಗಿ ನಿಯಮಗಳು ಬಿಗಿಯಾದಾಗ ಅನೇಕರು ಇತ್ತ ವಲಸೆ ಬಂದರು. ಆದರೆ ಅನುಮತಿಗಳ ಗೊಂದಲ ಅವರೊಂದಿಗೇ ಬಂದಿತು, ಮತ್ತು ಅದರಿಂದ ಒಂದು ಮೂಢನಂಬಿಕೆ ಹುಟ್ಟಿತು: ಏನೇ ಕೆಟ್ಟರೂ 777 ಎಂಬ ಸಂಖ್ಯೆಯನ್ನು ಜಪಿಸುವುದು.

ಈ ಸಂಖ್ಯೆಯಲ್ಲಿ ಮಂತ್ರಶಕ್ತಿ ಏನೂ ಇಲ್ಲ. ಯುನಿಕ್ಸ್ ಪರಂಪರೆಯ ವ್ಯವಸ್ಥೆಗಳಲ್ಲಿ ಓದುವ ಹಕ್ಕಿಗೆ 4, ಬರೆಯುವ ಹಕ್ಕಿಗೆ 2, ಚಲಾಯಿಸುವ ಹಕ್ಕಿಗೆ 1 ಅಂಕ. ಮೂರನ್ನೂ ಕೂಡಿದರೆ 7. ಮೊದಲ ಅಂಕಿ ಫೈಲಿನ ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಆ ಯಂತ್ರದಲ್ಲಿರುವ ಉಳಿದೆಲ್ಲರಿಗೆ. ಹಾಗಾಗಿ 777 ಎಂದರೆ ಮನೆಯ ಕೀಲಿಯನ್ನು ಬಸ್ ನಿಲ್ದಾಣದ ಮೊಳೆಗೆ ನೇತುಹಾಕಿದಂತೆ. ಬಾಗಿಲು ತೆರೆಯುವುದು ನಿಜ, ಆದರೆ ಎಲ್ಲರಿಗೂ ತೆರೆಯುತ್ತದೆ. ಲಾರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವುದರಿಂದ ಯಾರಿಗೂ ಹಾನಿಯಿಲ್ಲ. ಈ ನಂಬಿಕೆ ಅಷ್ಟು ನಿರುಪದ್ರವಿಯಲ್ಲ. ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಸಾಕು. ಅದೂ ಸಾಲದಾಯಿತೆಂದರೆ ತಪ್ಪಿರುವುದು ಅಂಕಿಯಲ್ಲಲ್ಲ, ಒಡೆತನದಲ್ಲಿ.

ಒಡೆತನದ ಲೆಕ್ಕವನ್ನು ಮನುಷ್ಯನ ನೆನಪಿನಿಂದ ಬಿಡಿಸಿ ಯಂತ್ರಕ್ಕೆ ಒಪ್ಪಿಸಿದ್ದು ಪ್ಯಾಕೇಜ್ ಮ್ಯಾನೇಜರ್, ಅಂದರೆ ಪ್ಯಾಕೇಜುಗಳೆಂಬ ಕಟ್ಟುಗಳಾಗಿ ಬರುವ ತಂತ್ರಾಂಶಗಳನ್ನು ಹಾಕುವ, ತೆಗೆಯುವ ಸಾಧನ. ಕನ್ನಡ ನಾಡಿನಲ್ಲಿ ಹಿಂದೆ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆಯುತ್ತಿದ್ದರು: ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ, ಬೇಕಾದಾಗ ಅಳಿಸಿ ತಿದ್ದುವ ಪುಸ್ತಕ ಅದು. ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಪ್ಯಾಕೇಜ್ ಮ್ಯಾನೇಜರಾದ ಡಿಪಿಕೆಜಿ ಇಟ್ಟುಕೊಳ್ಳುವುದು ಅಂಥದೇ ಕಡತವನ್ನು. ಯಾವ ಪ್ಯಾಕೇಜು ಯಾವ ಯಾವ ಫೈಲುಗಳನ್ನು ಎಲ್ಲೆಲ್ಲಿ ಇಟ್ಟಿತು, ಯಾವುದು ಯಾವುದನ್ನು ಅವಲಂಬಿಸಿದೆ, ಸಂರಚನಾ (ಸೆಟ್ಟಿಂಗುಗಳ) ಫೈಲಿನ ಮೂಲ ರೂಪದ ಬೆರಳಚ್ಚು, ಅಂದರೆ ಅದರ ಬರಹದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ, ಏನು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಈ ಬೆರಳಚ್ಚಿನ ಉಪಾಯ ನನಗೆ ಬಹಳ ಇಷ್ಟ: ಹೊಸ ಆವೃತ್ತಿ ಬಂದಾಗ ನೀವು ಸಂರಚನೆಯನ್ನು ತಿದ್ದಿದ್ದೀರಾ ಎಂದು ಲೆಕ್ಕ ಹಾಕಿ ನೋಡಿ, ತಿದ್ದಿರದಿದ್ದರೆ ಸದ್ದಿಲ್ಲದೆ ಬದಲಾಯಿಸುತ್ತದೆ, ನೀವೂ ತಿದ್ದಿ ತಯಾರಕರೂ ತಿದ್ದಿದ್ದರೆ ನಿಂತು ಕೇಳುತ್ತದೆ. ಅದರ ಮೇಲೆ ಕೂತಿರುವ ಆಪ್ಟ್, 1999ರ ಡೆಬಿಯನ್ 2.1ರೊಂದಿಗೆ ಬಂದದ್ದು, ಅವಲಂಬನೆಗಳನ್ನು ತಾನೇ ಹುಡುಕಿ ತರುತ್ತದೆ. ಪರಸ್ಪರ ಹೊಂದಿಕೊಳ್ಳುವ ಆವೃತ್ತಿಗಳ ಗುಂಪನ್ನು ಆರಿಸುವುದು ಗಣಕವಿಜ್ಞಾನದಲ್ಲಿ ಎನ್‌ಪಿ-ಕಂಪ್ಲೀಟ್ ಎನಿಸಿಕೊಂಡ ಕಠಿಣ ವರ್ಗಕ್ಕೆ ಸೇರಿದ ಸಮಸ್ಯೆ ಎಂಬುದನ್ನು ಆಪ್ಟ್ ಬಳಸುವವರು ನೆನಪಿಸಿಕೊಳ್ಳುವುದೇ ಇಲ್ಲ.

ಹಾಗಾದರೆ ವರ್ಡ್‌ಪ್ರೆಸ್ಸನ್ನೂ ಆಪ್ಟ್ ಮೂಲಕ ಹಾಕಿಬಿಡೋಣ ಎನ್ನಿಸುವುದು ಸಹಜ. ಡೆಬಿಯನ್ನಿನಲ್ಲಿ ಆ ಪ್ಯಾಕೇಜೂ ಇದೆ. ತೊಡಕು ಇರುವುದು ವರ್ಡ್‌ಪ್ರೆಸ್ಸಿನ ಸ್ವಭಾವದಲ್ಲಿ. 2013ರ 3.7ನೆಯ ಆವೃತ್ತಿಯಿಂದ ಅದು ಸಣ್ಣಪುಟ್ಟ ಪರಿಷ್ಕರಣೆಗಳನ್ನು ಹಿನ್ನೆಲೆಯಲ್ಲಿ ತಾನೇ ಮಾಡಿಕೊಳ್ಳುತ್ತದೆ, ಎಂದರೆ ತನ್ನ ಫೈಲುಗಳನ್ನು ತಾನೇ ತಿದ್ದಿ ಬರೆಯುತ್ತದೆ. ಪ್ಲಗಿನ್ನುಗಳನ್ನೂ ಥೀಮುಗಳನ್ನೂ ತನ್ನ ಡ್ಯಾಶ್‌ಬೋರ್ಡಿನಿಂದಲೇ ಇಳಿಸಿಕೊಳ್ಳುತ್ತದೆ. ಪ್ಯಾಕೇಜ್ ಮ್ಯಾನೇಜರಿಗೆ ಇದು ತನ್ನ ಕಡತದ ಹಿಂದೆ ನಡೆಯುವ ವ್ಯವಹಾರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಒಂದೇ ಫೈಲಿನ ಮೇಲೆ ಇಬ್ಬರು ಹಕ್ಕು ಸಾಧಿಸಿದಾಗ ಯಾವ ಆವೃತ್ತಿ ಓಡುತ್ತಿದೆ ಎಂಬುದು ಯಾರಿಗೂ ಖಚಿತವಿರುವುದಿಲ್ಲ. ಡೇಟಾಬೇಸ್, ಪಿಎಚ್‌ಪಿ, ವೆಬ್ ಸರ್ವರ್ ಇವುಗಳನ್ನು ಆಪ್ಟ್‌ಗೆ ಬಿಟ್ಟು, ವರ್ಡ್‌ಪ್ರೆಸ್ಸನ್ನು ಮಾತ್ರ ಅದರ ಸ್ವಂತ ಸಾಧನವಾದ ಡಬ್ಲ್ಯುಪಿ-ಸಿಎಲ್ಐನಿಂದ ಹಾಕುವುದು ನಾನು ಒಪ್ಪುವ ವಿಭಾಗ. ಗಡಿ ಸ್ಪಷ್ಟವಾಗಿರುವುದರಿಂದ ಜಗಳಕ್ಕೆ ಎಡೆಯಿಲ್ಲ.

2013ರ ಮಾರ್ಚಿನಲ್ಲಿ ಸಾಲೊಮನ್ ಹೈಕ್ಸ್ ಪೈಕಾನ್ ಸಮ್ಮೇಳನದಲ್ಲಿ, ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರನ್ನು ಪರಿಚಯಿಸಿದ ಮೇಲೆ ಇನ್ನೊಂದು ಮಾರ್ಗ ಜನಪ್ರಿಯವಾಯಿತು. ಇದನ್ನು ಮದುವೆಮನೆಯ ಅಡುಗೆ ಭಟ್ಟರಿಗೆ ಹೋಲಿಸಬಹುದು. ಅವರು ಕೊಳಗ, ಸೌಟು, ಮಸಾಲೆ ಎಲ್ಲವನ್ನೂ ತಾವೇ ತರುತ್ತಾರೆ. ನಿಮ್ಮ ಅಡುಗೆಮನೆಯ ಡಬ್ಬಿಗಳನ್ನು ಮುಟ್ಟುವುದಿಲ್ಲ. ಆದರೆ ನೀರು ಮತ್ತು ಒಲೆ ನಿಮ್ಮದೇ. ಕಂಟೇನರಿನೊಳಗಿನ ತಂತ್ರಾಂಶ ತನ್ನ ಲೈಬ್ರರಿಗಳನ್ನು ತಾನೇ ಹೊತ್ತು ತರುತ್ತದೆ, ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್ ಮಾತ್ರ ಹೊರಗಿನದು. ಒಲೆ ಎಲ್ಲರಿಗೂ ಒಂದೇ ಆದ್ದರಿಂದ ಕಂಟೇನರಿನಲ್ಲಿಟ್ಟ ಮಾತ್ರಕ್ಕೆ ಭದ್ರವಾಯಿತು ಎಂಬುದು 777ರ ತಮ್ಮನಂಥ ಇನ್ನೊಂದು ನಂಬಿಕೆ. ಕಂಟೇನರಿಗೆ ಅಚ್ಚಾಗುವ ಇಮೇಜು ಒಂದರ ಮೇಲೊಂದು ಜೋಡಿಸಿದ ಪಾರದರ್ಶಕ ಹಾಳೆಗಳಂತಿರುತ್ತದೆ. ಕೆಳಗಿನ ಹಾಳೆಗಳ ಮೇಲೆ ಯಾರೂ ಬರೆಯುವಂತಿಲ್ಲ, ಕಂಟೇನರ್ ತನ್ನದಾಗಿ ಮೇಲೆ ಸೇರಿಸಿಕೊಳ್ಳುವ ಒಂದು ಖಾಲಿ ಹಾಳೆಯ ಮೇಲೆ ಮಾತ್ರ ಬರೆಯಬಹುದು. ಕೆಳಗಿನ ಅಕ್ಷರವನ್ನು ತಿದ್ದಬೇಕೆಂದರೆ ಮೊದಲು ಆ ಪುಟವನ್ನು ಮೇಲಿನ ಹಾಳೆಗೆ ನಕಲು ಮಾಡಿ ಅಲ್ಲಿ ತಿದ್ದಬೇಕು. ಕಂಟೇನರನ್ನು ತೆಗೆದುಹಾಕಿದಾಗ ಮೇಲಿನ ಹಾಳೆಯೂ ಕಸದ ಬುಟ್ಟಿಗೆ ಹೋಗುತ್ತದೆ, ಹಬ್ಬದ ರಂಗೋಲಿ ಮರುದಿನ ಅಂಗಳ ಗುಡಿಸುವಾಗ ಹೋಗುವ ಹಾಗೆ. ಉಳಿಯಬೇಕಾದ ಚಿತ್ರಗಳೂ ಡೇಟಾಬೇಸೂ ‘ವಾಲ್ಯೂಮ್’ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿರಬೇಕು.

ಇಲ್ಲಿಯೂ ಒಡೆತನದ ಪ್ರಶ್ನೆ ತಪ್ಪುವುದಿಲ್ಲ. ವರ್ಡ್‌ಪ್ರೆಸ್ಸಿನ ಅಧಿಕೃತ ಡಾಕರ್ ಇಮೇಜು ಮೊದಲ ಸಲ ಎದ್ದಾಗ ತನ್ನ ಫೈಲುಗಳನ್ನು ವಾಲ್ಯೂಮಿನೊಳಗೆ ನಕಲು ಮಾಡುತ್ತದೆ. ಮುಂದಿನ ಸಲ ಅಲ್ಲಿ ಫೈಲುಗಳಿರುವುದನ್ನು ಕಂಡು ಸುಮ್ಮನಾಗುತ್ತದೆ. ಆದ್ದರಿಂದ ಹೊಸ ಇಮೇಜು ತಂದವರ ಪಿಎಚ್‌ಪಿ ಹೊಸತಾಗುತ್ತದೆ, ವರ್ಡ್‌ಪ್ರೆಸ್ ಹಳೆಯದೇ ಉಳಿಯುತ್ತದೆ. ಇದನ್ನು ತಿಳಿಯದೆ ‘ಇಮೇಜ್ ಅಪ್‌ಡೇಟ್ ಮಾಡಿದ್ದೇನಲ್ಲ’ ಎಂದು ನಿಶ್ಚಿಂತರಾಗಿರುವವರು ಇದ್ದಾರೆ. 2013ರಲ್ಲೇ ಆರಂಭವಾದ ಘೋಸ್ಟ್ ಎಂಬ ಬ್ಲಾಗ್ ತಂತ್ರಾಂಶ ಈ ವಿಷಯದಲ್ಲಿ ಅಚ್ಚುಕಟ್ಟು: ಅದರ ಇಮೇಜಿನಲ್ಲಿ ತಂತ್ರಾಂಶ ಇಮೇಜಿನೊಳಗೇ ಇರುತ್ತದೆ, ನಿಮ್ಮ ಚಿತ್ರಗಳೂ ಥೀಮುಗಳೂ ಬೇರೊಂದು ಫೋಲ್ಡರಿನಲ್ಲಿ. ಡಾಕರಿಲ್ಲದೆ ಹಾಕಿದರೂ ಅದರ ಘೋಸ್ಟ್-ಸಿಎಲ್ಐ ಆವೃತ್ತಿಗೊಂದು ಫೋಲ್ಡರನ್ನು ಇಟ್ಟು, ಸದ್ಯದ್ದನ್ನು ಬೆಟ್ಟು ಮಾಡಿ ತೋರಿಸುವ ಕೊಂಡಿಯೊಂದನ್ನು ಮಾತ್ರ ಬದಲಾಯಿಸುತ್ತದೆ, ಕೆಟ್ಟರೆ ಹಿಂದಿನದಕ್ಕೆ ಮರಳುವುದೂ ಅಷ್ಟೇ ಸುಲಭ.

ಒಂದೇ ಕ್ಲಿಕ್ಕಿನ ಇನ್‌ಸ್ಟಾಲರುಗಳ ಮೇಲೆ ನನಗೆ ಹಗೆಯಿಲ್ಲ. ಹಂಚಿಕೆಯ ಹೋಸ್ಟಿಂಗಿನಲ್ಲಿ ಸಾಫ್ಟಾಕ್ಯುಲಸ್‌ನಂಥವು ಆರಂಭಿಕರಿಗೆ ಉಪಕಾರಿಯೇ. ನನ್ನ ತಕರಾರು ಅವು ಕೇಳದೆಯೇ ಉತ್ತರಿಸಿಬಿಡುವ ಪ್ರಶ್ನೆಗಳ ಬಗ್ಗೆ. ಹಲವು ವರ್ಷಗಳ ಹಿಂದೆ ನಾನು ಬಾಡಿಗೆಗೆ ಪಡೆದಿದ್ದ ಹೋಸ್ಟಿಂಗಿನಲ್ಲಿ ಹೀಗೆ ಸಿದ್ಧವಾದ ಬ್ಲಾಗನ್ನು ಬೇರೆ ಸರ್ವರಿಗೆ ಸಾಗಿಸಿದಾಗ ಕೆಲವು ಬರಹಗಳು ಅರ್ಥವಿಲ್ಲದ ರೋಮನ್ ಚಿಹ್ನೆಗಳಾದವು, ಕೆಲವು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾದವು. ಎರಡೂ ಒಂದೇ ಕಾಯಿಲೆಯಂತೆ ಕಂಡರೂ ಒಂದಕ್ಕೆ ಮದ್ದಿದೆ, ಇನ್ನೊಂದಕ್ಕಿಲ್ಲ. ಕನ್ನಡದ ‘ಕ’ ಅಕ್ಷರ ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ 224, 178, 149 ಎಂಬ ಮೂರು ಬೈಟುಗಳು. ಈ ಮೂರನ್ನು ಮೂರು ಬೇರೆ ಬೇರೆ ಲ್ಯಾಟಿನ್ ಅಕ್ಷರಗಳೆಂದು ಓದಿದರೆ ಕಸದಂತೆ ಕಾಣುತ್ತದೆ, ಆದರೆ ಬೈಟುಗಳು ಹಾಗೇ ಇವೆ. ಸರಿಯಾಗಿ ಓದಿಸಿದರೆ ‘ಕ’ ಮರಳಿ ಬರುತ್ತದೆ. ಲ್ಯಾಟಿನ್ ಕೋಷ್ಟಕಕ್ಕೆ ‘ಕ’ವನ್ನು ಪರಿವರ್ತಿಸಲು ಹೋದರೆ ಅಲ್ಲಿ ಅದಕ್ಕೆ ಸ್ಥಾನವಿಲ್ಲದ್ದರಿಂದ 63 ಎಂಬ ಒಂದೇ ಬೈಟು, ಅಂದರೆ ಪ್ರಶ್ನಾರ್ಥಕ ಚಿಹ್ನೆ, ಉಳಿಯುತ್ತದೆ. ‘ಕ’ವೂ 63, ‘ಳ’ವೂ 63, ಮರಳಿ ಪಡೆಯುವುದು ಎಲ್ಲಿಂದ?

ವರ್ಡ್‌ಪ್ರೆಸ್ ಬಳಸುವ ಡೇಟಾಬೇಸಾದ ಮೈಎಸ್‌ಕ್ಯುಎಲ್ ಸ್ವೀಡನ್ನಿನ ಕಂಪನಿಯೊಂದರ ಕೂಸಾದ್ದರಿಂದ ಬಹುಕಾಲ ಅದರ ಪೂರ್ವನಿಯೋಜಿತ ಅಕ್ಷರಕೋಷ್ಟಕ ಲ್ಯಾಟಿನ್, ಅಕಾರಾದಿ ಕ್ರಮ ಸ್ವೀಡಿಷ್. ಮಲೆನಾಡಿನ ಬಗ್ಗೆ ಬರೆದ ಕನ್ನಡ ಬರಹಗಳನ್ನೂ ಸರ್ವರುಗಳು ಸ್ವೀಡಿಷ್ ಕ್ರಮದಲ್ಲಿ ಜೋಡಿಸಲು ಹೆಣಗುತ್ತಿದ್ದವು. ಅದರ ‘ಯುಟಿಎಫ್8’ ಎಂಬ ಹೆಸರಿನ ಕೋಷ್ಟಕವೂ ಅಕ್ಷರಕ್ಕೆ ಮೂರು ಬೈಟುಗಳವರೆಗೆ ಮಾತ್ರ. ಕನ್ನಡಕ್ಕೆ ಅದು ಸಾಕು, ಎಮೋಜಿಗೆ ಸಾಲದು. ಸೆನ್ಸರಿನವನ ಕತ್ತರಿಯಂತೆ, ಎಮೋಜಿ ಬಂದಲ್ಲಿಂದ ಮುಂದಿನ ಬರಹವನ್ನೆಲ್ಲ ಡೇಟಾಬೇಸು ಕತ್ತರಿಸಿಬಿಡುತ್ತಿದ್ದದ್ದೂ ಉಂಟು. 2010ರಲ್ಲಿ ಬಂದ ನಾಲ್ಕು ಬೈಟುಗಳ ‘ಯುಟಿಎಫ್8ಎಂಬಿ4’ ಅನ್ನು ವರ್ಡ್‌ಪ್ರೆಸ್ 2015ರಲ್ಲಿ ಅಳವಡಿಸಿಕೊಂಡಿತು.

ಹೀಗಾಗಿ ಯಾವ ಸಾಧನವನ್ನೇ ಆರಿಸಲಿ, ಬ್ಲಾಗ್ ಆರಂಭಿಸುವ ಮೊದಲೇ ನಾನು ಒಂದು ಪರೀಕ್ಷೆ ಮಾಡುತ್ತೇನೆ. ‘ಜ್ಞ’, ‘ಕ್ಷ್ಮ’, ‘ರ‍್ಯ’ಗಳಿರುವ ಒಂದು ಬರಹ, ಒಂದು ಚಿತ್ರ, ಒಂದು ಎಮೋಜಿ ಹಾಕಿ, ಬ್ಯಾಕಪ್ ತೆಗೆದು, ಏನೂ ಇಲ್ಲದ ಇನ್ನೊಂದು ಯಂತ್ರದಲ್ಲಿ ಅದೇ ಸಾಧನದಿಂದ ಪುನಃ ನಿಲ್ಲಿಸಿ ನೋಡುತ್ತೇನೆ. ಈಚೆಗೆ ಪಟ್ಟಿಗೆ ಇನ್ನೊಂದು ಸಾಲು ಸೇರಿದೆ. 2024ರ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಗೆ ಸ್ಥಾನ ಸಿಕ್ಕಿತು, ಮತ್ತು ಅದರ ಪ್ರತಿ ಅಕ್ಷರಕ್ಕೂ ಬೇಕಾಗುವುದು ನಾಲ್ಕು ಬೈಟು.