‘ಗಲಭೆ’ ಎಂದು ಎಲ್ಲಿ ಬರೆಯಬಾರದು

1921ರಲ್ಲಿ ಅಮೆರಿಕದ ಟಲ್ಸಾ ನಗರದಲ್ಲಿ ಬಿಳಿಯರ ಗುಂಪು ಕಪ್ಪು ಜನರ ಬಡಾವಣೆಗೆ ನುಗ್ಗಿ ಕೊಂದು ಸುಟ್ಟದ್ದಕ್ಕೆ ಕನ್ನಡದಲ್ಲಿ ಇಂದಿಗೂ ‘ಜನಾಂಗೀಯ ಗಲಭೆ’ ಎಂದೇ ಬರೆಯುವವರಿದ್ದಾರೆ. ಅದು ‘ರೇಸ್ ರಯಟ್’ ಎಂಬ ಹಳೆಯ ಹೆಸರಿನ ತರ್ಜುಮೆ. ಆ ಹೆಸರನ್ನು ಟಲ್ಸಾದವರೇ ಕೈಬಿಟ್ಟಿದ್ದಾರೆ. ಶತಮಾನದ ಸ್ಮರಣೆಗೆಂದು ರಚಿಸಿದ್ದ ಆಯೋಗ 2018ರಲ್ಲಿ ತನ್ನ ಹೆಸರಿನಲ್ಲಿದ್ದ ‘ರಯಟ್’ ತೆಗೆದು ‘ಮ್ಯಾಸಕರ್’, ಅಂದರೆ ಹತ್ಯಾಕಾಂಡ, ಎಂದು ಸೇರಿಸಿಕೊಂಡಿತು.

ಗಲಭೆ ಎಂಬುದು ಗಲಾಟೆ, ಗಲಿಬಿಲಿಗಳ ಓರಗೆಯ ಪದ. ಗದ್ದಲ, ಕೋಲಾಹಲ ಎಂದಷ್ಟೇ ಅದರ ಅರ್ಥ. ಅದು ಕೂಡಿಕೊಳ್ಳುವ ಕ್ರಿಯಾಪದಗಳನ್ನು ನೋಡಿ: ಗಲಭೆ ‘ಆಗುತ್ತದೆ’, ‘ಏಳುತ್ತದೆ’, ‘ಭುಗಿಲೇಳುತ್ತದೆ’. ಯಾರು, ಯಾರನ್ನು ಎಂದು ಆ ವಾಕ್ಯ ಕೇಳುವುದೇ ಇಲ್ಲ. ಹತ್ಯೆ ಹಾಗಲ್ಲ; ಕೊಂದವನೂ ಬೇಕು, ಸತ್ತವನೂ ಬೇಕು. ಇನ್ನು ಕಾಂಡ ಎಂದರೆ ಗಿಣ್ಣಿನಿಂದ ಗಿಣ್ಣಿಗಿರುವ ದಂಟಿನ ತುಂಡು. ಅದರಿಂದಲೇ ಗ್ರಂಥದ ಭಾಗ, ಬಾಲಕಾಂಡ. ಹತ್ಯಾಕಾಂಡ ಎಂದಾಗ ಮೊದಲು-ಕೊನೆ ಇರುವ ಕೃತ್ಯವೊಂದು ಕಣ್ಣೆದುರು ನಿಲ್ಲುತ್ತದೆ. ಜಲಿಯನ್‌ವಾಲಾ ಬಾಗ್‌ನದನ್ನು ನಾವು ಯಾರೂ ಗಲಭೆ ಎನ್ನುವುದಿಲ್ಲವಲ್ಲ.

‘ಕಪ್ಪು ಜನರ ಕೈಯಲ್ಲೂ ಬಂದೂಕಿತ್ತು’ ಎಂಬ ವಾದವಿದೆ. ಇತ್ತು, ನಿಜ. ಬಂಧನದಲ್ಲಿದ್ದ ಡಿಕ್ ರೋಲ್ಯಾಂಡ್ ಎಂಬ ಕಪ್ಪು ಯುವಕನನ್ನು ಬಿಳಿಯರ ಗುಂಪು ಎಳೆದೊಯ್ದು ಕೊಲ್ಲದಿರಲಿ ಎಂದು ಅವರು ಮೇ 31ರ ರಾತ್ರಿ ನ್ಯಾಯಾಲಯದ ಮುಂದೆ ಬಂದಿದ್ದರು. ಆದರೆ ಪೊಲೀಸರು ನೂರಾರು ಬಿಳಿಯರಿಗೆ ಪೊಲೀಸ್ ಅಧಿಕಾರ ಕೊಟ್ಟರು. ಜೂನ್ 1ರ ಬೆಳಿಗ್ಗೆ ಬಿಳಿಯರ ಗುಂಪು ಕಪ್ಪು ಜನರ ಗ್ರೀನ್‌ವುಡ್ ಬಡಾವಣೆಗೆ ನುಗ್ಗಿತು. ರೆಡ್ ಕ್ರಾಸ್ ಲೆಕ್ಕದಲ್ಲಿ ಸುಟ್ಟ ಮನೆಗಳು 1,256. ಸತ್ತವರು 300ರವರೆಗೆ ಇದ್ದಿರಬಹುದು ಎನ್ನುತ್ತಾರೆ ಇತಿಹಾಸಕಾರರು. ಸಾವಿರಾರು ಕಪ್ಪು ಜನರನ್ನೇ ಹಿಡಿದು ಕೂಡಿಹಾಕಿದರು. ಕೊಲೆಗಾಗಲಿ ಬೆಂಕಿಗಾಗಲಿ ಒಬ್ಬ ಬಿಳಿಯನಿಗೂ ಶಿಕ್ಷೆಯಾಗಲಿಲ್ಲ.

‘ರಯಟ್’ ಎಂಬ ಪದಕ್ಕೆ ಬೆಲೆ ತೆತ್ತವರೂ ಹೆಚ್ಚಾಗಿ ಕಪ್ಪು ಜನರೇ. ಬೆಂಕಿ ವಿಮೆಯ ಪತ್ರಗಳಲ್ಲಿ ‘ರಯಟ್‌ನಿಂದಾದ ನಷ್ಟಕ್ಕೆ ಹೊಣೆಯಿಲ್ಲ’ ಎಂಬ ಷರತ್ತಿತ್ತು. ಘಟನೆಗೆ ಆ ಹೆಸರು ಬಿದ್ದದ್ದೇ ತಡ, ಪರಿಹಾರದ ಬಾಗಿಲು ಮುಚ್ಚಿತು. ಡಿಕ್ಸಿ ಥಿಯೇಟರ್ ಕಳೆದುಕೊಂಡ ವಿಲಿಯಂ ರೆಡ್‌ಫರ್ನ್ ಟಲ್ಸಾ ಇರುವ ಒಕ್ಲಹೋಮ ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋದ. ಆತ ಬಿಳಿಯ, ಆದರೂ 1926ರಲ್ಲಿ ಅದೇ ಷರತ್ತಿನ ಮೇಲೆ ಸೋತ.

ಹಾಗೆಂದು ಎಲ್ಲಕ್ಕೂ ‘ನರಮೇಧ’ ಅಂಟಿಸುವುದೂ ಬೇಡ. ಜನಾಂಗವೊಂದನ್ನೇ ಅಳಿಸುವ ಉದ್ದೇಶದ ಕೃತ್ಯಕ್ಕೆ ಆ ಪದ ಉಳಿಯಲಿ. 1919ರ ಷಿಕಾಗೋದಲ್ಲಿ 23 ಕಪ್ಪು ಜನ, 15 ಬಿಳಿಯರು ಸತ್ತರು. ಬೀದಿ ಕಾಳಗ ಎರಡೂ ಕಡೆಯಿಂದ ನಡೆದ ಅಲ್ಲಿಗೆ ಗಲಭೆ ಎಂದರೂ ನಡೆದೀತು. 1898ರಲ್ಲಿ ನಾರ್ತ್ ಕ್ಯಾರೊಲಿನಾದ ವಿಲ್ಮಿಂಗ್ಟನ್ ನಗರದಲ್ಲಿ ನಡೆದದ್ದಕ್ಕೆ ಹತ್ಯಾಕಾಂಡ ಎಂಬ ಪದವೂ ಸಾಲದು. ಅಲ್ಲಿ ಸಶಸ್ತ್ರ ಬಿಳಿಯರು ಕಪ್ಪು ಜನರನ್ನು ಕೊಂದದ್ದಲ್ಲದೆ, ಚುನಾಯಿತ ನಗರಾಡಳಿತವನ್ನು ಬಲವಂತವಾಗಿ ಇಳಿಸಿ ತಾವೇ ಕುರ್ಚಿ ಹಿಡಿದರು. ಅದನ್ನು ಕ್ಷಿಪ್ರಕ್ರಾಂತಿ ಎಂದೇ ಬರೆಯಬೇಕು.