ಹೀಟ್ ಟ್ರೀಟ್‌ಮೆಂಟ್ ಕುಲುಮೆಗೆ ಮೊದಲು ರಿಕ್ಯುಪರೇಟರ್ ಹಾಕಿಸಬೇಕೇ?

ಪ್ರಶ್ನೆ: ನೈಸರ್ಗಿಕ ಅನಿಲದ ಬರ್ನರ್‌ಗಳು ನೇರವಾಗಿ ಒಳಗೇ ಉರಿಯುವ ಕುಲುಮೆಯಲ್ಲಿ ಉಕ್ಕಿನ ಬಿಡಿಭಾಗಗಳನ್ನು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತೇವೆ. ಅನಿಲದ ಖರ್ಚು ತಗ್ಗಿಸಲು ಮೊದಲು ರಿಕ್ಯುಪರೇಟರ್ (ಹೊರಹೋಗುವ ಹೊಗೆಯ ಶಾಖದಿಂದ ಬರ್ನರಿನ ಗಾಳಿಯನ್ನು ಕಾಯಿಸುವ ಉಪಕರಣ) ಹಾಕಿಸುವುದು ಸರಿಯೇ?

ಉತ್ತರ: ಹಾಕಿಸಬಹುದು, ಆದರೆ ಮೊದಲು ಮಾಡಬೇಕಾದ ಕೆಲಸ ಅದಲ್ಲ. ಚಿಮಣಿಗೆ ಹೋದ ಶಾಖವನ್ನು ಹಿಂಪಡೆಯುವ ಮುನ್ನ ಅಷ್ಟೊಂದು ಶಾಖ ಅಲ್ಲಿಗೆ ಹೋಗುತ್ತಿರುವುದೇಕೆ ಎಂಬುದನ್ನು ನೋಡಬೇಕು.

ಒಂದು ಘನ ಮೀಟರ್ ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 10 ಘನ ಮೀಟರ್ ಗಾಳಿ ಸಾಕಾಗುತ್ತದೆ. ಅದಕ್ಕೂ ಮೀರಿ ಊದಿದ ಗಾಳಿ ದಹನಕ್ಕೆ ಒದಗದೆ, ತಾನೂ 900 ಡಿಗ್ರಿಗೆ ಕಾದು ಹೊರಬೀಳುತ್ತದೆ. ಹೊಗೆಯಲ್ಲಿ ಆಮ್ಲಜನಕ ಶೇ 3ರಷ್ಟಿದ್ದಾಗ ಇಂಧನದ ಶಾಖದಲ್ಲಿ ಸರಿಸುಮಾರು ಶೇ 45 ಚಿಮಣಿಯ ಪಾಲಾದರೆ, ಆಮ್ಲಜನಕ ಶೇ 8ಕ್ಕೇರಿದಾಗ ಆ ನಷ್ಟ ಶೇ 57ರ ಆಸುಪಾಸಿಗೆ ಹೋಗುತ್ತದೆ. ಎಂದರೆ ಶೇ 8ರಿಂದ ಶೇ 3ಕ್ಕೆ ಇಳಿಸಿದಾಗ ಅದೇ ಕೆಲಸಕ್ಕೆ ಬೇಕಾಗುವ ಅನಿಲದಲ್ಲಿ ಐದನೇ ಒಂದು ಪಾಲಾದರೂ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಅನಿಲ ವಿಶ್ಲೇಷಕವೊಂದು ಮತ್ತು ಬರ್ನರ್ ಹೊಂದಿಸಬಲ್ಲ ನುರಿತ ಕೈ. ಮಾಪನದ ಕೊಳವೆಯನ್ನು ಕುಲುಮೆಯಿಂದ ಹೊಗೆ ಹೊರಬೀಳುವ ಬಾಯಿಗೆ ಹತ್ತಿರ, ಚಿಮಣಿಗೆ ಹೊರಗಾಳಿ ಸೇರುವ ಮೊದಲೇ ಇಡಬೇಕು, ಇಲ್ಲದಿದ್ದರೆ ಆ ಗಾಳಿಯ ಆಮ್ಲಜನಕವೂ ಲೆಕ್ಕಕ್ಕೆ ಸೇರಿ, ಸರಿಯಾಗಿರುವ ಬರ್ನರನ್ನೇ ಕೆಡಿಸಿದಂತಾಗುತ್ತದೆ. ಕಾರ್ಬನ್ ಮಾನಾಕ್ಸೈಡನ್ನೂ ಜೊತೆಯಲ್ಲೇ ನೋಡುತ್ತಿರಬೇಕು; ಅದು ಏರತೊಡಗಿದರೆ ಗಾಳಿಯನ್ನು ಮಿತಿಮೀರಿ ಕಡಿತ ಮಾಡಿದ್ದೀರಿ ಎಂದರ್ಥ.

ಬರ್ನರ್ ಸರಿಯಿದ್ದೂ ಆಮ್ಲಜನಕ ಇಳಿಯದಿದ್ದರೆ ಬಾಗಿಲಿನ ಸಂದುಗಳನ್ನು ಅನುಮಾನಿಸಿ. ಕುಲುಮೆಯೊಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಹೆಚ್ಚಿರಬೇಕು. ಕಡಿಮೆಯಿದ್ದರೆ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಬಾಗಿಲು ತೆರೆದಿಟ್ಟ ನಷ್ಟವಂತೂ ಬೇರೆಯೇ: 900 ಡಿಗ್ರಿಯಲ್ಲಿ ತೆರೆದ ಪ್ರತಿ ಚದರ ಮೀಟರಿನಿಂದ ವಿಕಿರಣವಾಗಿಯೇ ಸುಮಾರು 100 ಕಿಲೋವ್ಯಾಟ್ ಹೊರಬೀಳುತ್ತದೆ.

ಬಹುತೇಕರ ಲೆಕ್ಕದಿಂದ ಜಾರಿಹೋಗುವುದು ಬಿಡಿಭಾಗಗಳನ್ನು ಇಟ್ಟು ಹಿಡಿದಿಡುವ ಟ್ರೇ ಮತ್ತು ಫಿಕ್ಸ್ಚರ್‌ಗಳ ತೂಕ. 300 ಕಿಲೋ ತೂಗುವ ಟ್ರೇಗಳು ಪ್ರತಿ ಸಲವೂ 900 ಡಿಗ್ರಿಗೆ ಕಾದು, ಬಿಸಿ ಉಕ್ಕನ್ನು ಥಟ್ಟನೆ ತಣಿಸುವ ಕ್ವೆಂಚ್ ಟ್ಯಾಂಕಿಗೆ ಇಳಿದರೆ, ಸುಮಾರು 50 ಕಿಲೋವ್ಯಾಟ್-ಗಂಟೆಯಷ್ಟು ಶಾಖ ಎಣ್ಣೆಗೋ ನೀರಿಗೋ ಸೇರಿಹೋಗುತ್ತದೆ. ಅದನ್ನು ಪೂರೈಸಲು ಉರಿಸಬೇಕಾದ ಅನಿಲ, ಚಿಮಣಿಯ ನಷ್ಟವೂ ಸೇರಿ, ಅದರ ದುಪ್ಪಟ್ಟಿಗೆ ಹತ್ತಿರ.

ಇಷ್ಟಾದ ಮೇಲೆ ರಿಕ್ಯುಪರೇಟರ್. ಬರ್ನರಿಗೆ ಹೋಗುವ ಗಾಳಿಯನ್ನು 400 ಡಿಗ್ರಿಗೆ ಕಾಯಿಸಿದರೆ ಉಳಿದ ಇಂಧನದಲ್ಲೂ ಸುಮಾರು ಐದನೇ ಒಂದು ಪಾಲು ಮಿಗುತ್ತದೆ, ಹೊಗೆಯ ಪ್ರಮಾಣ ಮೊದಲೇ ತಗ್ಗಿರುವುದರಿಂದ ಚಿಕ್ಕ ಉಪಕರಣವೇ ಸಾಕಾಗುತ್ತದೆ. ಆದರೆ ಕಾದ ಗಾಳಿ ಹಿಗ್ಗುವುದರಿಂದ ಬರ್ನರ್ ಮತ್ತು ಬ್ಲೋವರ್ ಅದಕ್ಕೆ ಒಗ್ಗುತ್ತವೆಯೇ ಎಂದು ಪರಿಶೀಲಿಸಿ, ಗಾಳಿ-ಅನಿಲದ ಅನುಪಾತವನ್ನು ಮತ್ತೆ ಹೊಂದಿಸಬೇಕು. ಜ್ವಾಲೆಯ ತಾಪ ಏರುವುದರಿಂದ ನೈಟ್ರೋಜನ್ ಆಕ್ಸೈಡ್‌ಗಳೂ ಹೆಚ್ಚಬಹುದು. 200 ಡಿಗ್ರಿಯ ಟೆಂಪರಿಂಗ್ ಕುಲುಮೆಗೂ (ಗಡಸಾದ ಉಕ್ಕನ್ನು ಮತ್ತೆ ಹದವಾಗಿ ಕಾಯಿಸುವ ಕುಲುಮೆ) ಇದನ್ನೇ ಹಾಕಿಸುವ ಯೋಚನೆಯಿದ್ದರೆ ಬಿಟ್ಟುಬಿಡಿ, ಅಷ್ಟು ತಣ್ಣನೆಯ ಹೊಗೆಯಿಂದ ಹಿಂಪಡೆಯುವ ಶಾಖದಲ್ಲಿ ಹಾಕಿದ ಹಣ ಹುಟ್ಟುವುದು ಕಷ್ಟ.